ಬೇಕೆಂದೇ ಮಾಡಿದ ತಪ್ಪು

ಕ್ಯಾಪ್ಟನ್ ಎಡ್ವಿನ್‌ಗೆ ವಿಮಾನ ಇಳಿಸುವುದು ಗೊತ್ತಿತ್ತು, ವರದಿ ಬರೆಯುವುದು ಗೊತ್ತಿರಲಿಲ್ಲ. ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಬೆಳಗ್ಗೆಯಿಂದ ಮೂರು ಹಾಳೆ ಹರಿದು ಹಾಕಿದ್ದಾಗಿತ್ತು. ಹೆಂಡತಿ ಪುಷ್ಪಮೇರಿ ಇಟ್ಟ ಕಾಫಿ ಆರಿ ಕೆನೆ ಕಟ್ಟಿತ್ತು.

ಎಲ್ಲ ಶುರುವಾಗಿದ್ದು ಒಂದು ತರಬೇತಿಯಿಂದ. ಕ್ಯಾಪ್ಟನ್ ದೇವರಲ್ಲ, ಪಕ್ಕದಲ್ಲಿ ಕೂತ ಕೋ-ಪೈಲಟ್ ಧೈರ್ಯವಾಗಿ ಬಾಯಿ ಬಿಡಬೇಕು ಎಂದು ಅಲ್ಲಿ ಹೇಳಿದ್ದರು. ಎಡ್ವಿನ್ ಅದನ್ನು ಮನಸ್ಸಿಗೆ ಹಚ್ಚಿಕೊಂಡ, ಸ್ವಲ್ಪ ಜಾಸ್ತಿಯೇ ಹಚ್ಚಿಕೊಂಡ. ಪ್ರತಿ ಹಾರಾಟದಲ್ಲೂ ಬೇಕೆಂದೇ ಒಂದು ಸಣ್ಣ ತಪ್ಪು ಮಾಡುವುದು, ಕಿರಿಯರು ಹಿಡಿದರೆ ಶಭಾಷ್ ಎನ್ನುವುದು, ಹಿಡಿಯದಿದ್ದರೆ ತಾನೇ ಸರಿಪಡಿಸಿ ನಗುವುದು. ಕಂಪನಿಯನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ.

ನಿನ್ನೆ ಮಧ್ಯಾಹ್ನ ಮೈಸೂರಿಗೆ ಇಳಿಯುವಾಗ ಚಕ್ರ ಇಳಿಸು ಎಂದು ಅವನು ಹೇಳಲೇ ಇಲ್ಲ. ಕೋ-ಪೈಲಟ್ ತೇಜಸ್ವಿನಿ, ಕೆಲಸಕ್ಕೆ ಸೇರಿ ವರ್ಷವಾಗದ ಹುಡುಗಿ, ಸುಮ್ಮನೆ ಕೂತಿದ್ದಳು. ನೆಲ ಹತ್ತಿರವಾದಾಗ ಚಕ್ರ ಇಳಿದಿಲ್ಲವೆಂದು ಎಚ್ಚರಿಕೆಯ ಸದ್ದು ಬಡಿದುಕೊಂಡಿತು. ವಿಮಾನ ಮೇಲೆತ್ತಿ, ಇನ್ನೊಂದು ಸುತ್ತು ಹಾಕಿ, ಕ್ಷೇಮವಾಗಿ ಇಳಿದರು. ಕೋ-ಪೈಲಟ್ ಯಾಕೆ ಹೇಳಲಿಲ್ಲ ಎಂದು ಕಂಪನಿ ಈಗ ಇಬ್ಬರಿಂದಲೂ ವರದಿ ಕೇಳುತ್ತಿದೆ. ಉತ್ತರ ಹೆಚ್ಚುಕಮ್ಮಿಯಾದರೆ ಅವಳ ಕೆಲಸ ಹೋಗುತ್ತದೆ.

ಹತ್ತು ಗಂಟೆಗೆ ದಟ್ಟಗಳ್ಳಿಯ ಮನೆಯಿಂದ ಸ್ಕೂಟರಿನಲ್ಲಿ ಅವಳೇ ಬಂದಳು.

"ಯಾಕಮ್ಮ ಸುಮ್ಮನಿದ್ದೆ?"

"ನೀವು ಪರೀಕ್ಷೆ ಮಾಡ್ತಿದ್ದೀರ ಅಂದ್ಕೊಂಡೆ ಸರ್. ಮೊನ್ನೆ ನಿಮ್ಮ ತಪ್ಪನ್ನ ತಕ್ಷಣ ಹೇಳಿದ್ದಕ್ಕೆ, ಅವಸರ ಯಾಕೆ, ಕ್ಯಾಪ್ಟನ್ ತಾನೇ ಸರಿ ಮಾಡ್ಕೊಳ್ಳೋಕೆ ಟೈಮ್ ಕೊಡು ಅಂದಿದ್ರಿ. ಎಷ್ಟು ಟೈಮ್ ಅಂತ ಗೊತ್ತಾಗ್ಲಿಲ್ಲ."

ಎಡ್ವಿನ್ ಪೆನ್ನು ಕೆಳಗಿಟ್ಟ. ಬಾಯಿ ಬಿಡಿಸಲು ಹೋಗಿ ತಾನೇ ಬಾಯಿ ಮುಚ್ಚಿಸಿದನೇ? ನಿನ್ನೆ ಚಕ್ರ ಬೇಕೆಂದೇ ಬಿಟ್ಟಿದ್ದೋ, ಮರೆತಿದ್ದೋ? ಬೇಕೆಂದೇ ಎಂದು ಹೇಳಿಕೊಂಡು ಹೇಳಿಕೊಂಡು ಈಗ ಅದೇ ನಿಜವೆನಿಸುತ್ತಿತ್ತು. ನಾಲ್ಕನೇ ಹಾಳೆಯಲ್ಲಿ ಹಾಗೆಯೇ ಬರೆದಿದ್ದ. ಕೋ-ಪೈಲಟ್ ಅನ್ನು ಪರೀಕ್ಷಿಸಲು ತಡ ಮಾಡಿದೆ, ಅವಳದೇನೂ ತಪ್ಪಿಲ್ಲ. ಅವಳೂ ಉಳಿಯುತ್ತಾಳೆ, ಕೈ ಪಳಗಿದವನೆಂಬ ತನ್ನ ಹೆಸರೂ ಉಳಿಯುತ್ತದೆ.

ಆ ಹಾಳೆಯನ್ನು ಅವಳ ಮುಂದೆ ಸರಿಸಿದ, ಅವಳು ಓದಿದಳು. ಹಾಳೆಯನ್ನು ಅವನ ಕಡೆಗೇ ವಾಪಸ್ ತಳ್ಳಿದಳು.

"ಸರ್, ಇದು ಸುಳ್ಳು. ಆ ಸದ್ದು ಬಂದಾಗ ಅಯ್ಯೋ ಚಕ್ರ ಅಂತ ನೀವೇ ಕೂಗಿದ್ರಿ."

ಕೋಪ ನೆತ್ತಿಗೇರಿತು. ಮೂವತ್ತು ವರ್ಷ ವಿಮಾನ ಹಾರಿಸಿದವನಿಗೆ ನಿನ್ನೆ ಮೊನ್ನೆ ಬಂದವಳು ಹೇಳುವುದೇ! ಎದ್ದು ಹೋಗು ಎನ್ನಲು ಬಾಯಿ ತೆರೆದ. ಅವಳು ಹೆದರಿದ್ದಳು, ಆದರೂ ಆಡಿದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಇಂಥ ಧೈರ್ಯಕ್ಕೇ ಅಲ್ಲವೇ ಅವನು ಇಷ್ಟು ದಿನ ಆಟ ಕಟ್ಟಿದ್ದು? ಆ ಧೈರ್ಯ ಎದುರಿಗೆ ಬಂದಾಗ ಯಾಕಿಷ್ಟು ಉರಿಯುತ್ತಿದೆಯೋ ಅವನಿಗೇ ತಿಳಿಯಲಿಲ್ಲ.

"ಮರೆತೆ ಕಣಮ್ಮ," ಅಂದ ಕೊನೆಗೆ.

"ಅದನ್ನೇ ಬರೀರಿ ಸರ್. ಗೊತ್ತಿದ್ದೂ ಸುಮ್ಮನಿದ್ದೆ ಅಂತ ನಾನು ಬರೀತೀನಿ."

"ನಿನ್ನ ಕೆಲಸ?"

"ಗೊತ್ತಿಲ್ಲ ಸರ್. ನಿಮ್ದು?"

ಅವನಿಗೂ ಗೊತ್ತಿರಲಿಲ್ಲ. ಹೊಸ ಹಾಳೆಯೊಂದನ್ನು ಮೇಜಿನ ನಡುವೆ ಇಟ್ಟು, ತನ್ನ ಪಕ್ಕದ ಕುರ್ಚಿಯನ್ನು ಅವಳಿಗೆ ಎಳೆದುಕೊಟ್ಟ.