ದಾನೇಶ್ವರಿಯ ಎದೆಯ ಸಪ್ಪಳ

ಕಸ್ತೂರೆವ್ವನ ಮನೆಯ ಗೋಡೆ ಗಡಿಯಾರ ನಿಂತು ವರ್ಷಗಳೇ ಆಗಿದ್ದವು. ಆದರೂ ಆ ಮನೆಗೆ ಬಂದು ಕೂತವರು ಒಂದು ಗಳಿಗೆ ಸುಮ್ಮನಾದರೆ ಸಾಕು, ಟಿಕ್ ಟಿಕ್ ಎಂಬ ಸಪ್ಪಳ ಕೇಳಿ ಗೋಡೆಯ ಕಡೆ ನೋಡುತ್ತಿದ್ದರು. ಸಪ್ಪಳ ಗಡಿಯಾರದ್ದಲ್ಲ. ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ ದಾನೇಶ್ವರಿಯ ಎದೆಯದ್ದು.

ಹೋದ ವರ್ಷ ಮಿರಜದ ದವಾಖಾನೆಯಲ್ಲಿ ಅವಳ ಎದೆ ತೆರೆದು, ಹೃದಯದ ಕೆಟ್ಟುಹೋದ ಕವಾಟವೊಂದನ್ನು ತೆಗೆದು, ಅಲ್ಲಿ ಲೋಹದ್ದನ್ನು ಕೂರಿಸಿದ್ದರು. ಅದಕ್ಕೂ ಮೊದಲು ಆ ಹುಡುಗಿ ನೀರಿನ ಕೊಡ ಹೊತ್ತು ಹಿತ್ತಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಎರಡು ಕಡೆ ನಿಂತು ಏದುಸಿರು ಬಿಡುತ್ತಿದ್ದಳು. ಮೈಗಳ್ಳಿ ಎಂದು ಕಸ್ತೂರೆವ್ವ ಒಂದಷ್ಟು ದಿನ ಗೊಣಗಿದ್ದೂ ಉಂಟು. ಕೊನೆಗೆ ಮಿರಜದ ಡಾಕ್ಟರು ಎದುರಿಗೆ ಕೂರಿಸಿಕೊಂಡು ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ ಬಿಡಿಸಿ ಹೇಳಿದ್ದರು.

"ಆಯೀ, ಹೃದಯದಾಗ ನಾಕ ಖೋಲಿ ಅದಾವ. ಮ್ಯಾಲಿನ ಖೋಲಿಯಿಂದ ಕೆಳಗಿನ ಖೋಲಿಗೆ ರಕ್ತ ಇಳಿಯಾಕ ಒಂದು ಬಾಗಲ. ಅದು ಒಂದ ಕಡೆಗಷ್ಟ ತೆರಿಬೇಕು, ರಕ್ತ ಇಳದ ಮ್ಯಾಲ ಪಕ್ಕಾ ಮುಚ್ಚಬೇಕು. ಇಕಿ ಸಣ್ಣಾಕಿದ್ದಾಗ ಗಂಟಲ ಬ್ಯಾನಿ ಆಗಿ, ಆಮ್ಯಾಲ ಕೀಲೆಲ್ಲಾ ಬಾತು ಜ್ವರಾ ಬಂದಿತ್ತಲ್ಲ? ಆ ಬ್ಯಾನಿ ಕೀಲ ಬಿಟ್ಟು ಹೋತು, ಆದ್ರ ಈ ಬಾಗಲಾ ಕೆಡಿಸಿ ಹೋತು. ಬಾಗಲ ಬಿರುಸಾಗಿ ಬರೇ ಸಂದಿ ಉಳದೈತಿ. ರಕ್ತ ಮುಂದ ಹೋಗವಲ್ದು, ಹಿಂದ ಪುಪ್ಪುಸದಾಗ ನಿಲ್ಲಾಕತ್ತೈತಿ. ಅದಕ್ಕ ದಮ್ಮ ಹತ್ತತೈತಿ."

ದಾನೇಶ್ವರಿಯ ತವರು ಮಂಗಸೂಳಿ. ಆ ಜ್ವರ ಬಂದಾಗ ಅವಳ ತಾಯಿ ಊರ ದೇವರು ಮಲ್ಲಯ್ಯನ ಭಂಡಾರದ ಅರಿಷಿಣ ಹಚ್ಚಿ ಮಲಗಿಸಿದ್ದಳು, ಕೀಲು ಇಳಿಯಿತು, ಹುಡುಗಿ ಎದ್ದು ಓಡಾಡಿದಳು. ಒಳಗೆ ಏನಾಯಿತೆಂದು ಯಾರಿಗೆ ಕಾಣಬೇಕು?

ಹೊಸ ಬಾಗಿಲು ಕೂರಿಸಿದ ಮೇಲೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಲೋಹವೆಂದರೆ ರಕ್ತಕ್ಕೆ ಹೊರಗಿನವರು ಬಂದಂತೆ, ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತದೆ. ಹಾಗಾಗದಂತೆ ರಕ್ತ ತೆಳ್ಳಗಿಡುವ ಗುಳಿಗೆಯನ್ನು ಜೀವ ಇರುವ ತನಕ ನುಂಗಬೇಕು, ತಿಂಗಳಿಗೊಮ್ಮೆ ಬಂದು ರಕ್ತ ತಪಾಸಣೆ ಮಾಡಿಸಬೇಕು. ಹಸಿರು ಪಲ್ಲೆ ದಿನಾ ಎಷ್ಟು ತಿನ್ನುತ್ತಾಳೋ ಅಷ್ಟೇ ತಿನ್ನಲಿ, ಒಮ್ಮೆಲೇ ಹೆಚ್ಚು ಮಾಡಬೇಡಿ.

ಕಸ್ತೂರೆವ್ವ ತಲೆಯಾಡಿಸಿದಳು. ಆದರೆ ತೆಳ್ಳಗೆ ಎಂಬ ಮಾತು ಅವಳಿಗೆ ಹಿಡಿಸಲಿಲ್ಲ. ತೆಳ್ಳಗಿನ ಹಾಲು ತಂದವನನ್ನು ಓಣಿಗೆಲ್ಲ ಕೇಳುವಂತೆ ಬೈದವಳು ಅವಳು. ಯಾವುದೋ ಮದುವೆಯಲ್ಲಿ ಬಡಿಸಿದ ತೆಳ್ಳಗಿನ ಮಜ್ಜಿಗೆ ನೆನೆದು ಇಂದಿಗೂ ಮೂಗು ಮುರಿಯುತ್ತಿದ್ದಳು. ಹಾಲು ಮಜ್ಜಿಗೆಯ ಮಾತೇ ಹೀಗಿರುವಾಗ, ರಕ್ತ ತೆಳ್ಳಗಿದ್ದರೆ ಒಳ್ಳೆಯದೆಂದು ಅವಳನ್ನು ಯಾವ ಡಾಕ್ಟರು ಒಪ್ಪಿಸಬೇಕು?

ಇನ್ನು ಆ ಸಪ್ಪಳ. ಮಗಳು ನೀಲಮಳನ್ನು ನೋಡಲು ರಾಯಬಾಗದಿಂದ ಬೀಗರು ಬಂದ ದಿನ ಅದು ಮಾನ ಕಳೆಯಿತು. ಚಹಾದ ಬಟ್ಟಲು ಹಿಡಿದು ಎಲ್ಲರೂ ಗಂಭೀರವಾಗಿ ಕೂತಿದ್ದಾಗ, ಮೂಲೆಯಲ್ಲಿ ನಿಂತಿದ್ದ ದಾನೇಶ್ವರಿಯ ಎದೆ ತನ್ನ ಪಾಡಿಗೆ ತಾನು ಟಿಕ್ ಟಿಕ್ ಎನ್ನುತ್ತಿತ್ತು. ವರನ ಅಜ್ಜ ಎದ್ದುಹೋಗಿ ಗೋಡೆ ಗಡಿಯಾರಕ್ಕೆ ಕಿವಿಗೊಟ್ಟು, "ಇದು ನಡ್ಯಾಕತ್ತೈತಿ, ಮುಳ್ಳ ಯಾಕ ಸರೀವಲ್ವು?" ಎಂದು ಕೇಳಿಬಿಟ್ಟ. ಎಲ್ಲರೂ ನಕ್ಕರು. ಸಂಬಂಧವೇನೋ ಕೂಡಿಬಂತು. ಆದರೆ ಬೀಗರ ಗಾಡಿ ಓಣಿ ದಾಟುವ ಮೊದಲೇ ಕಸ್ತೂರೆವ್ವ ಸೊಸೆಯ ಮೇಲೆ ಹರಿಹಾಯ್ದಳು.

"ಮಂದಿ ಬಂದಾಗರೆ ಅದನ್ನ ಒಂದೀಟು ಮುಚ್ಕೋಬಾರದೇನ ಬೇ?"

ಆವತ್ತಿನಿಂದ ದಾನೇಶ್ವರಿ ಸೆರಗನ್ನು ಪದರು ಪದರಾಗಿ ಮಡಚಿ ಎದೆಗೆ ಒತ್ತಿಕೊಂಡು ಓಡಾಡತೊಡಗಿದಳು. ಬೇಸಿಗೆಯಲ್ಲಿ ಬೆವರು ಇಳಿಯುತ್ತಿದ್ದರೂ ಮಡಿಕೆ ಸಡಿಲಿಸುತ್ತಿರಲಿಲ್ಲ. ಆ ಮಾತು ಆಡಬಾರದಿತ್ತೆಂದು ಕಸ್ತೂರೆವ್ವನಿಗೆ ಅನ್ನಿಸಿತು. ಆದರೆ ಅತ್ತೆಯಾದವಳು ಸೊಸೆಯ ಮುಂದೆ ಹೋಗಿ ತಪ್ಪಾಯಿತು ಎನ್ನುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ನೀಲಮ ಗಂಡನ ಮನೆಗೆ ಹೋದಳು. ಕಸ್ತೂರೆವ್ವನ ಗಂಡ ಮುರಗೆಪ್ಪ, ಮಗ ಮಲ್ಲೇಶ ಇಬ್ಬರೂ ಬೆಳಗಾದರೆ ದ್ರಾಕ್ಷಿ ತೋಟಕ್ಕೆ, ಕಬ್ಬಿನ ಹೊಲಕ್ಕೆ. ಮಧ್ಯಾಹ್ನದ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಮತ್ತು ಆ ಸಪ್ಪಳ. ದಾನೇಶ್ವರಿ ಕೂತು ಪಲ್ಲೆ ಸೋಸುತ್ತಿದ್ದರೆ ಕಸ್ತೂರೆವ್ವ ಪಕ್ಕದಲ್ಲೇ ಅಡ್ಡಾಗುತ್ತಿದ್ದಳು. ಸೆರಗಿನ ಅಡಿಯಿಂದ ಸಣ್ಣಗೆ ಬರುತ್ತಿದ್ದ ಟಿಕ್ ಟಿಕ್ ಕೇಳುತ್ತ ಅವಳಿಗೆ ಎಂಥ ಸೊಗಸಾದ ನಿದ್ದೆ ಹತ್ತುತ್ತಿತ್ತೆಂದರೆ, ಸೊಸೆ ತವರಿಗೆ ಹೋದ ದಿನಗಳಲ್ಲಿ ಮಗ್ಗಲು ಬದಲಿಸಿದ್ದೇ ಬದಲಿಸಿದ್ದು. ಇದನ್ನೂ ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಲಾರದ್ದನ್ನೆಲ್ಲ ಅವಳು ಉಣ್ಣಿಸುವುದರಲ್ಲಿ ತೀರಿಸುವವಳು.

ಈ ಸಲ ಚಳಿ ಬಿದ್ದದ್ದೇ ತಡ, ಕಸ್ತೂರೆವ್ವನ ಉಡಿ ತುಂಬ ಪಲ್ಲೆ ಬರತೊಡಗಿತು. ಎಳೆ ಕಡಲೆಯ ಕುಡಿ, ಹಕ್ಕರಿಕೆ, ಕುಸುಬೆಯ ಎಲೆ, ಮೆಂತ್ಯ. ಹಸಿಯಾಗಿ ಒಂದು ಮುಷ್ಟಿ, ಬೇಯಿಸಿ ಒಂದು ಮುಷ್ಟಿ, ಹೊತ್ತು ಹೊತ್ತಿಗೆ ಸೊಸೆಯ ತಾಟಿಗೆ. "ತಿನ್ನ ನನ್ನವ್ವ, ರಕ್ತ ಗಟ್ಟಿ ಆಗ್ತೈತಿ" ಎನ್ನುವಳು. ದಾನೇಶ್ವರಿ ಒಮ್ಮೆ, "ಡಾಕ್ಟರ ಹೆಚ್ಚ ಬ್ಯಾಡ ಅಂದಾರ್ರಿ ಅತ್ತಿ" ಎಂದು ಮೆಲ್ಲಗೆ ನೆನಪಿಸಿದಳು.

"ಡಾಕ್ಟರೇನ ನಿನಗ ರೊಟ್ಟಿ ಹಾಕ್ತಾನೇನ? ಪಲ್ಲೆ ತಿಂದು ಕೆಟ್ಟವರ್ನ ನಾ ಇನ್ನಾ ಕಂಡಿಲ್ಲ. ತಿನ್ನು."

ಅಷ್ಟು ಪ್ರೀತಿಯಿಂದ ಗದರಿದರೆ ಯಾರು ತಾನೇ ತಿನ್ನದಿರುತ್ತಾರೆ? ಇತ್ತ ಬೆಳಗಿನ ಮಂಜಿಗೆ ದ್ರಾಕ್ಷಿಗೆ ರೋಗ ಬೀಳುವ ಭಯ, ಅತ್ತ ಕಬ್ಬು ಕಡಿಯುವ ಗ್ಯಾಂಗು ಇವತ್ತು ಬರುತ್ತದೋ ನಾಳೆ ಬರುತ್ತದೋ ಎಂಬ ಪೇಚಾಟ. ಮುಂದಿನ ವಾರ ಮಿರಜಕ್ಕೆ ಹೋಗೋಣ, ಮುಂದಿನ ವಾರ ಹೋಗೋಣ ಎನ್ನುತ್ತಲೇ ಮಲ್ಲೇಶ ರಕ್ತದ ತಪಾಸಣೆ ತಪ್ಪಿಸಿದ.

ಎಳ್ಳ ಅಮಾವಾಸ್ಯೆ ಬಂತು. ಬುಟ್ಟಿ ಕಟ್ಟಿಕೊಂಡು ಮನೆಯವರೆಲ್ಲ ಹೊಲಕ್ಕೆ ಹೋದರು. ಪಕ್ಕದ ಹೊಲದ ಸಕ್ಕುಬಾಯಿಯೂ ಬಂದು ಸೇರಿಕೊಂಡಳು. ಮುರಗೆಪ್ಪ ಪೈರಿನ ನಡುವೆ ಚರಗ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಿದ. ಆಮೇಲೆ ಬೇವಿನ ನೆರಳಿನಲ್ಲಿ ಕೂತು ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಎಂದು ಎಲ್ಲರೂ ಏಳುವುದನ್ನೇ ಮರೆತು ಉಂಡರು. ಹೊಟ್ಟೆ ತುಂಬಿತು, ಮಾತು ನಿಂತಿತು. ಎಲ್ಲಿಯೂ ಸದ್ದಿಲ್ಲ.

ಸಕ್ಕುಬಾಯಿಯೇ ಮೊದಲು ಗಮನಿಸಿದವಳು. "ಕಸ್ತೂರೆವ್ವಾ, ನಿನ್ನ ಸೊಸಿ ಸಪ್ಪಳ ನಿಂತೈತಿ ನೋಡ. ಇಷ್ಟ ಹತ್ರ ಕುಂತೇನಿ, ಕೇಳವಲ್ದು. ಮೈಗೆ ಹತ್ತೇತಿ ಬಿಡು, ಚೊಲೋ ಆತು."

ಹೌದಲ್ಲ! ಕಸ್ತೂರೆವ್ವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪಲ್ಲೆ ಉಣ್ಣಿಸಿದ್ದು ಸಾರ್ಥಕವಾಯಿತೆಂದುಕೊಂಡಳು. ಎರಡು ಮೂರು ದಿನದಿಂದ ಮಧ್ಯಾಹ್ನ ತನಗೇಕೆ ನಿದ್ದೆ ಹತ್ತುತ್ತಿಲ್ಲ ಎಂಬುದೂ ಈಗ ಅವಳಿಗೆ ತಿಳಿಯಿತು. ಅಷ್ಟರಲ್ಲಿ ದಾನೇಶ್ವರಿ ಎದ್ದು ಕೊಡ ತೆಗೆದುಕೊಂಡು ಬೋರಿನ ಕಡೆ ಹೋದಳು. ನೀರು ತುಂಬಿಕೊಂಡು ಬದುವಿನ ಮೇಲೆ ಬರುತ್ತಿದ್ದವಳು ನಡುವೆ ಕೊಡ ಇಳಿಸಿ ನಿಂತಳು. ಮತ್ತೆ ಎತ್ತಿಕೊಂಡಳು, ನಾಲ್ಕು ಹೆಜ್ಜೆ ಬಂದು ಮತ್ತೆ ಇಳಿಸಿದಳು. ಬಾಯಿ ತೆರೆದು ಉಸಿರೆಳೆಯುತ್ತಿದ್ದಳು.

ಈ ನಿಲ್ಲುವಿಕೆ ಕಸ್ತೂರೆವ್ವ ಮೊದಲೇ ಕಂಡದ್ದು. ಆಪರೇಷನ್ನಿಗೆ ಮುಂಚೆ ಹಿತ್ತಲಿನಲ್ಲಿ ಹೀಗೆಯೇ ನಿಲ್ಲುತ್ತಿದ್ದಳಲ್ಲ ಹುಡುಗಿ. ಗಂಡ, ಮಗ, ನೆರೆಯವಳು ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಅವಳು ಬದುವಿಗೆ ಓಡಿದಳು. ಸೊಸೆಯನ್ನು ಹಿಡಿದು ಕೂರಿಸಿ, ಸೆರಗಿನ ಮಡಿಕೆ ಸರಿಸಿ, ಎದೆಗೆ ಕಿವಿ ಹಚ್ಚಿದಳು. ಅಷ್ಟು ಪದರಿನ ಅಡಿಯಿಂದಲೂ ಸ್ಪಷ್ಟವಾಗಿ ಬರುತ್ತಿದ್ದ ಟಿಕ್ ಈಗ ಕಿವಿ ಹಚ್ಚಿದರೂ ಇರಲಿಲ್ಲ. ಒದ್ದೆ ಬಟ್ಟೆಯ ಮೇಲೆ ಬಡಿದಂಥ ಮಂದ ಸದ್ದೊಂದೇ ಇತ್ತು.

"ಯಾವಾಗಿಂದ ಬೇ ಇದು, ದಮ್ಮು?"

"ನಾಕೈದ ದಿನಾ ಆತ್ರಿ." ದಾನೇಶ್ವರಿ ನಗಲು ನೋಡಿದಳು. "ಹಬ್ಬ ಆಗ್ಲಿ ಅಂತ ಸುಮ್ನಿದ್ದೆ. ಸಪ್ಪಳ ನಿಂತಿದ್ದು ಚೊಲೋನ ಆತಲ್ರಿ ಅತ್ತಿ. ಇನ್ನ ಯಾರ ಮುಂದೂ ನಿಮಗ ನಾಚಿಕಿ ಇಲ್ಲ."

ಕಸ್ತೂರೆವ್ವನಿಗೆ ಅಳಲು ಹೊತ್ತಿರಲಿಲ್ಲ. "ಮಲ್ಲೇಶಾ, ಗಾಡಿ ತಗಿ" ಎಂದು ಕೂಗಿದಳು.

"ಯವ್ವಾ, ಇವತ್ತ ಅಮಾಸಿ. ನಾಳೆ ಹೊತ್ತ ಹೊಂಟ ಕೂಡ್ಲೇ ಹೋಗೂಣಲ್ಲ."

"ಲೇ, ತೆರದು ಮುಚ್ಚೂ ಬಾಗಲಾ ಸಪ್ಪಳ ಮಾಡತೈತಿ. ಸಪ್ಪಳ ನಿಂತೈತಿ ಅಂದ್ರ ಬಾಗಲ ಅಲ್ಲಾಡವಲ್ದು ಲೇ! ಗಾಡಿ ತಗಿ ಅಂದ್ನೆಲ್ಲ!"

ಮಲ್ಲೇಶ ಗಾಡಿ ತೆಗೆದ. ಮಿರಜಕ್ಕೆ ಹೋಗುವ ಕಾಗವಾಡದ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು ತೂಗಾಡುತ್ತ ಹೋಗುತ್ತಿದ್ದವು. ಪ್ರತಿಯೊಂದರ ಹಿಂದೆಯೂ ಕಾಯಬೇಕಾಯಿತು. ಹಿಂದಿನ ಸೀಟಿನಲ್ಲಿ ಕಸ್ತೂರೆವ್ವ ಸೊಸೆಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ಕೂತಿದ್ದಳು. ಮಲ್ಲಯ್ಯನಿಗೂ ಯಡೂರಿನ ವೀರಭದ್ರನಿಗೂ ಒಟ್ಟೊಟ್ಟಿಗೆ ಹರಕೆ ಹೊತ್ತಳು, ಇಬ್ಬರಲ್ಲಿ ಒಬ್ಬರಾದರೂ ಇವತ್ತು ಬಿಡುವಾಗಿರಲಿ ಎಂದು.

ದವಾಖಾನೆಯಲ್ಲಿ ಅದೇ ಡಾಕ್ಟರು ಇದ್ದರು. ಕೊಳವೆ ಹಚ್ಚಿ ಕೇಳಿದರು, ಯಂತ್ರದಲ್ಲಿ ನೋಡಿದರು, ರಕ್ತ ತೆಗೆಸಿದರು. ಹೊರಗೆ ಬಂದು ಸಮಾಧಾನವಾಗಿಯೇ ಹೇಳಿದರು. "ಬಾಗಲಕ್ಕ ಹೆಪ್ಪ ಹಿಡದೈತಿ. ಒಂದು ಕದ ಅಲ್ಲಾಡವಲ್ದು. ರಕ್ತ ಭಾಳ ಗಟ್ಟಿ ಆಗೇತಿ. ಗುಳಿಗಿ ತಪ್ಪಿಸ್ಯಾಳೇನು?"

"ಇಲ್ರಿ ಸಾಹೇಬ್ರ, ಒಂದೂ ತಪ್ಪಿಸಿಲ್ಲ" ಎಂದ ಮಲ್ಲೇಶ. ರಕ್ತ ತಪಾಸಣೆ ತಪ್ಪಿಸಿದ್ದು ತಾನೇ ಎಂದೂ ತಲೆ ತಗ್ಗಿಸಿ ಒಪ್ಪಿಕೊಂಡ.

"ಮತ್ತ ಊಟಾ? ಪಲ್ಲೆ ಹೆಚ್ಚಾತೇನು?"

ಕಸ್ತೂರೆವ್ವ ಮುಂದೆ ಬಂದಳು. "ನಾ ತಿನ್ನಸೀನ್ರಿ. ಆಕಿ ಬ್ಯಾಡ ಅಂದ್ಲು, ನಾನ ಕೇಳ್ಲಿಲ್ಲ. ರಕ್ತ ಗಟ್ಟಿ ಆಗ್ಲಿ ಅಂತ ದಿನಾ ಎರಡ ಹೊತ್ತು ತಿನ್ನಸೀನಿ."

ಡಾಕ್ಟರು ಅವಳ ಮುಖ ನೋಡಿದರು. "ಪಲ್ಲೆ ಕೆಟ್ಟದ್ದಲ್ಲ ಆಯೀ. ಆದ್ರ ರಕ್ತ ಹೆಪ್ಪ ಆಗಾಕ ಏನ ಬೇಕೋ ಅದು ಪಲ್ಲೆದಾಗ ಐತಿ. ಗುಳಿಗಿ ಒಂದ ಕಡೆ ಜಗ್ಗತೈತಿ, ಪಲ್ಲೆ ಇನ್ನೊಂದ ಕಡೆ. ಈಗ ಹೆಪ್ಪ ಕರಗೂ ಔಷಧ ಸಲಾಯಿನ್ನದಾಗ ಬಿಡತೇವಿ. ಕರಗಿದ್ರ ಚೊಲೋ. ತುಣುಕ ಹರದು ಮಿದುಳಿಗೆ ಹೋಗೂ ಧೋಕಾ, ಅಂದ್ರ ಅಪಾಯ, ಐತಿ, ಬ್ಯಾರೆ ಕಡೆ ರಕ್ತ ಸೋರೂ ಧೋಕಾನೂ ಐತಿ. ಔಷಧ ಬಿಡದಿದ್ರ ಅದಕ್ಕಿಂತ ದೊಡ್ಡ ಧೋಕಾ." ಆಮೇಲೆ ಮಲ್ಲೇಶನ ಕಡೆ ತಿರುಗಿದರು. "ಸಪ್ಪಳ ನಿಂತೈತಿ ಅಂತ ಹಿಡದವರ್ಯಾರು?"

ಮಲ್ಲೇಶ ತಾಯಿಯನ್ನು ತೋರಿಸಿದ. ಡಾಕ್ಟರು ಅವಳಿಗೆ ಕೈ ಮುಗಿದರು. ಬೈದಿದ್ದರೆ ಚೆನ್ನಾಗಿತ್ತು. ಆ ಮುಗಿದ ಕೈ ನೋಡಿ ಕಸ್ತೂರೆವ್ವನಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಮೂಲೆಯ ಬೆಂಚಿಗೆ ಹೋಗಿ ಮುಖ ಮುಚ್ಚಿಕೊಂಡು ಕೂತಳು.

ಮರುದಿನ ಮುರಗೆಪ್ಪ ಬುತ್ತಿ ತಂದ. ಬಿಚ್ಚಿದರೆ ಹಬ್ಬದ ರೊಟ್ಟಿ, ಮೇಲೊಂದಿಷ್ಟು ಹಕ್ಕರಿಕೆ. ಕಸ್ತೂರೆವ್ವ ಮುಖ ತಿರುಗಿಸಿದಳು. ಅವನು ಬುತ್ತಿ ಕಟ್ಟಿ ಪಕ್ಕಕ್ಕಿಟ್ಟು, ಹೆಂಡತಿಯ ಪಕ್ಕದಲ್ಲಿ ಕೂತ. ಬಿಸಿಲು ಏರಿದ ಮೇಲೆ ಸಿಸ್ಟರೊಬ್ಬಳು ಬಂದು, ಒಬ್ಬರು ಮಾತ್ರ ಒಳಗೆ ಬರಬಹುದೆಂದಳು. ಮಲ್ಲೇಶ ಎದ್ದ. ಎದ್ದವನು ತಾಯಿಯ ಮುಖ ನೋಡಿ ಮತ್ತೆ ಕೂತ.

"ನೀ ಹೋಗ ಬೇ ಯವ್ವಾ. ನಿನಗ ತಿಳಿತೈತಿ."

ಒಳಗೆ ದಾನೇಶ್ವರಿ ಹಾಸಿಗೆಯಲ್ಲಿ ಕಣ್ಣು ತೆರೆದು ಮಲಗಿದ್ದಳು. ಮುಖದಲ್ಲಿ ಸ್ವಲ್ಪ ಗೆಲುವು ಬಂದಿತ್ತು, ಉಸಿರು ನಿರಾಳವಾಗಿತ್ತು. ಆದರೆ ತಲೆಯ ಬಳಿಯ ಯಂತ್ರ ಪೀಂ ಪೀಂ ಎನ್ನುತ್ತಿತ್ತು, ಬೇರೇನೂ ಕೇಳುತ್ತಿರಲಿಲ್ಲ. ಕಸ್ತೂರೆವ್ವ ಸಿಸ್ಟರಿನ ಕೈ ಹಿಡಿದಳು. "ಅದನ್ನ ಒಂದೀಟು ಸುಮ್ನ ಮಾಡವ್ವಾ. ನಾ ನನ್ನ ಸೊಸೀದು ಕೇಳಬೇಕು." ಸಿಸ್ಟರಿಗೆ ಏನನ್ನಿಸಿತೋ, ಯಂತ್ರದ ಸದ್ದು ತಗ್ಗಿಸಿದಳು.

ಮೊದಲು ಏನೂ ಇಲ್ಲ. ಆಮೇಲೆ, ಹೊದಿಕೆಯ ಅಡಿಯಿಂದ, ಇನ್ನೂ ಸ್ವಲ್ಪ ಮಂದವಾಗಿ, ಆದರೆ ತಪ್ಪದೆ: ಟಿಕ್. ಟಿಕ್. ಟಿಕ್.

ಕಸ್ತೂರೆವ್ವನ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯಿತು. ಅತ್ತೆ ಕೇಳಿಸಿಕೊಳ್ಳುತ್ತಿದ್ದಾಳೆಂದು ತಿಳಿದದ್ದೇ ದಾನೇಶ್ವರಿಯ ಕೈ ಅಭ್ಯಾಸಬಲದಿಂದ ತಾನಾಗಿ ಎದ್ದಿತು. ಹೊದಿಕೆಯ ಅಂಚು ಹಿಡಿದು ಮಡಚಿ ಎದೆಗೆ ಒತ್ತಿಕೊಳ್ಳಲು ಹೋಯಿತು. ಕಸ್ತೂರೆವ್ವ ಆ ಕೈಯನ್ನು ಹಿಡಿದು, ಮಡಿಕೆ ಬಿಡಿಸಿ, ಕೆಳಗಿಳಿಸಿದಳು.

"ಮುಚ್ಚಬ್ಯಾಡ ನನ್ನವ್ವ," ಎಂದಳು. "ಇನ್ನೆಂದೂ ಮುಚ್ಚಬ್ಯಾಡ. ಮನಿತುಂಬ ಕೇಳ್ಲಿ."