ಮೂರು ಪೆಟ್ಟು

“ನಾನು ಆಯ್ತು ಅನ್ನಲಿಲ್ಲ. ರೇಟು ಕೇಳ್ದೆ, ಅಷ್ಟೆ,” ಎಂದ ಆಬ್ರಿ ಪೆನ್ಹೇಲ್.

ಟೋಬಿ ಲಾರ್ಕಮ್ ಅವನ ಮುಖವನ್ನೇ ನೋಡಿದ. ನಿನ್ನೆ ಸಂಜೆ ಲಂಡನ್ನಿನ ಷೇರುಪೇಟೆಯ ಇದೇ ಕಟ್ಟೆಯ ಮುಂದೆ ಟೋಬಿ ತನ್ನ ಕೈಲಿದ್ದ ಬ್ಯಾಂಕ್ ಷೇರುಗಳನ್ನೆಲ್ಲ ಮಾರಿದ್ದ. ಆಬ್ರಿ ‘ಆಯ್ತು’ ಅಂದು ಖರೀದಿಸಿದ್ದ. ಇಲ್ಲಿ ಅಷ್ಟು ಸಾಕು. ಕಾಗದವಿಲ್ಲ, ಸಹಿಯಿಲ್ಲ, ಬಾಯಿಮಾತೇ ಕರಾರು. ರಾತ್ರಿ ಆ ಬ್ಯಾಂಕು ಮುಳುಗಿತು. ಬೆಳಗಾಗುವಷ್ಟರಲ್ಲಿ ಆ ಷೇರುಗಳಿಗೆ ರದ್ದಿಯ ಬೆಲೆ.

“ನೀನು ತಗೊಳ್ಳದಿದ್ರೆ ಇವತ್ತೇ ದಿವಾಳಿ ಅಂತ ನನ್ನ ಹೆಸರು ಕೂಗ್ತಾರೆ, ಆಬ್ರಿ.”

“ಹಾಗೇನೂ ಆಗಲ್ಲ ಬಿಡು.”

“ಆಗುತ್ತೆ.”

“ಮಧ್ಯಾಹ್ನ ಊಟಕ್ಕೆ ಸಿಗೋಣ್ವಾ?”

ಇದನ್ನು ಯಾವ ಬಾಯಿಂದ ಕೇಳಿದೆನೋ ಆಬ್ರಿಗೇ ತಿಳಿಯಲಿಲ್ಲ.

ಟೋಬಿ ಪಕ್ಕಕ್ಕೆ ತಿರುಗಿದ. “ಬ್ಯಾಸೆಟ್ ಅವ್ರೇ, ನಿನ್ನೆ ನೀವೂ ಇಲ್ಲೇ ಇದ್ರಿ.”

ಮುದಿ ದಲ್ಲಾಳಿ ಬ್ಯಾಸೆಟ್ ತನ್ನ ಬೂಟು ನೋಡಿಕೊಂಡ. “ನೆನಪಿಲ್ಲಪ್ಪ. ವಯಸ್ಸಾಯ್ತು.”

ಟೋಬಿ ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದ. ಆಬ್ರಿಗೆ ಮೈಯೆಲ್ಲ ಉರಿಯಿತು. ಬೈಯಬಾರದಿತ್ತೇ, ಕೊರಳಪಟ್ಟಿ ಹಿಡಿಯಬಾರದಿತ್ತೇ ಈ ಸಜ್ಜನ! ಇವನ ಮಗಳ ನಾಮಕರಣದ ದಿನ ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದವನು ತಾನೇ. ಅದನ್ನಾದರೂ ಎತ್ತಿ ಆಡಬಹುದಿತ್ತು. ಆಡಲಿಲ್ಲ. ಅದಕ್ಕೇ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮಾತು ಉಳಿಸಿಕೊಂಡರೆ ಮನೆ ಹೋಗುತ್ತದೆ. ಆಕ್ಸ್‌ಫರ್ಡಿನಲ್ಲಿ ಮೂರು ವರ್ಷ ನೀತಿಶಾಸ್ತ್ರ ಓದಿದವನಿಗೆ ಈ ಲೆಕ್ಕ ಮಾಡಲು ಬೆಳಗ್ಗೆ ಗಡ್ಡ ಬೋಳಿಸಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

ಊಟ ಒಬ್ಬನೇ ಮಾಡಿದ. ಕುರಿಮಾಂಸ ಚೆನ್ನಾಗಿ ಬೆಂದಿತ್ತು. ಅದಕ್ಕೂ ಸಿಟ್ಟು ಬಂತು.

ಇನ್ನೂರು ವರ್ಷದ ಹಿಂದೆ ಈ ವ್ಯಾಪಾರವೆಲ್ಲ ಕಾಫಿ ಅಂಗಡಿಯಲ್ಲಿ ನಡೆಯುತ್ತಿತ್ತಂತೆ. ಅಂಗಡಿ ಹೋಯಿತು, ಪೇಟೆಯ ಜವಾನರಿಗೆ ‘ವೇಟರ್’ ಎಂಬ ಹೆಸರು ಮಾತ್ರ ಉಳಿಯಿತು. ಆಬ್ರಿ ಮರಳಿ ಬರುವ ಹೊತ್ತಿಗೆ ಒಬ್ಬ ವೇಟರ್ ಮೆಟ್ಟಿಲು ಹತ್ತಿ ಮರದ ಸುತ್ತಿಗೆ ಎತ್ತಿಕೊಂಡಿದ್ದ. ದಿವಾಳಿಯಾದವನ ಹೆಸರು ಕೂಗುವ ಮುಂಚಿನ ಮೂರು ಪೆಟ್ಟು ಹಲಗೆಯ ಮೇಲೆ ಬಿತ್ತು. ಸಾವಿರ ಬಾಯಿಗಳು ಒಟ್ಟಿಗೆ ಮುಚ್ಚಿದವು.

“ಮಹನೀಯರೇ, ಶ್ರೀ ಟೋಬಿ ಲಾರ್ಕಮ್ ಅವರು ತಮ್ಮ ಮಾತುಗಳನ್ನು ನಡೆಸಿಕೊಡಲಾರದೆ ಹೋಗಿದ್ದಾರೆ.”

ತಮ್ಮ ಮಾತುಗಳನ್ನು! ಆಬ್ರಿಗೆ ನಗು ಬರುವಂತಾಯಿತು. ಟೋಬಿ ಇನ್ನು ಈ ಹೊಸ್ತಿಲು ತುಳಿಯುವಂತಿಲ್ಲ. ಮರುಕ್ಷಣವೇ ಗದ್ದಲ ಮೊದಲಿನಂತೆ ಎದ್ದಿತು. ಯಾರೋ ತವರದ ಗಣಿಯ ರೇಟು ಕೂಗಿದರು. ಥೂ, ಒಬ್ಬನಾದರೂ ತಲೆಯ ಮೇಲಿನ ಟೋಪಿ ತೆಗೆಯಲಿಲ್ಲ. ತಾನೂ ತೆಗೆಯಲಿಲ್ಲ.

ಅವನು ಕಟ್ಟೆಗೆ ಹೋಗಿ ನಿಂತ. ಪಿಮ್ ಎಂಬ ಹೊಸ ವ್ಯಾಪಾರಿ ರೈಲು ಕಂಪನಿಯ ಷೇರಿನ ರೇಟು ಹೇಳಿದ.

“ಆಯ್ತು,” ಎಂದ ಆಬ್ರಿ.

ಪಿಮ್ ಮುಂದಿನವನ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ಕತ್ತು ಚಾಚಿ ಕರೆದ. “ಬ್ಯಾಸೆಟ್ ಅವ್ರೇ, ಒಂಚೂರು ಬನ್ನಿ. ಪೆನ್ಹೇಲ್ ಅವ್ರು ಅಂದಿದ್ದು ಕೇಳಿಸ್ಕೊಂಡ್ರಾ?”

“ಏನಂದ್ರು?”

“ಸಾರ್, ಇನ್ನೊಂದ್ಸಲ ಹೇಳ್ತೀರಾ? ಬೇಜಾರ್ ಮಾಡ್ಕೋಬೇಡಿ.”

“ಆಯ್ತು ಅಂದೆ.”

“ಕೇಳಿಸ್ತು, ಕೇಳಿಸ್ತು,” ಎಂದ ಬ್ಯಾಸೆಟ್ ಸಂಭ್ರಮದಿಂದ. “ಸಾಕ್ಷಿಗೆ ನಾನಿದೀನಲ್ಲ!”

“ನಿನ್ನೆ ಎಲ್ಲಿ ಸತ್ತಿತ್ರೀ ನಿಮ್ಮ ಕಿವಿ?”

“ನಿನ್ನೆ ನೀವು ಆಯ್ತು ಅನ್ನಲೇ ಇಲ್ವಲ್ಲ, ಪೆನ್ಹೇಲ್.”

ಪಿಮ್ ನಕ್ಕ. ಅವನ ಹಿಂದಿದ್ದವನೂ ನಕ್ಕ.

“ಆಯ್ತು ಅಂದೆನಲ್ರೋ!” ಆಬ್ರಿ ಕಿರುಚಿದ. ಕಟ್ಟೆಯ ಹಲಗೆಗೆ ಮುಷ್ಟಿಯಿಂದ ಗುದ್ದಿದ. ಇನ್ನೊಮ್ಮೆ ಗುದ್ದಿದ. ಮತ್ತೂ ಒಮ್ಮೆ.

ಸುತ್ತಲಿನವರು ಅಭ್ಯಾಸಬಲದಿಂದ ಮಾತು ನಿಲ್ಲಿಸಿದರು. ಅವರನ್ನು ನೋಡಿ ಆಚೆಯವರು, ಅವರಾಚೆಯವರು. ಇಡೀ ಪೇಟೆ ಅವನ ಕಡೆ ತಿರುಗಿ, ಯಾರ ಹೆಸರು ಹೇಳುತ್ತಾನೋ ಎಂದು ಕಾದು ನಿಂತಿತು.