ಬಿರುಕು ಬಿಟ್ಟ ಬ್ರೇಕ್ ಡಿಸ್ಕ್

ನಾನು ಒಂದು ಅಲ್ಯೂಮಿನಿಯಂ ಬ್ರೇಕ್ ಡಿಸ್ಕ್. ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ ಹುಟ್ಟಿದೆ. ಉಕ್ಕಿನ ಡಿಸ್ಕಿಗಿಂತ ಹಗುರ, ಆದರೆ ಮೈ ಮೆದು, ಬೇಗ ಸವೆಯುತ್ತದೆ. ಅದಕ್ಕೇ ನನ್ನನ್ನು ಲೇಸರಿನ ಬಾಯಿಗೆ ಕೊಟ್ಟರು. ಮೈಮೇಲೆ ಗಡಸು ಲೋಹದ ಪುಡಿ ಊದುತ್ತಿದ್ದಂತೆ ಆ ಬೆಳಕು ನನ್ನ ಮೇಲ್ಪದರವನ್ನು ಗೆರೆಗೆರೆಯಾಗಿ ಕರಗಿಸಿತು. ಕರಗಿದ್ದು ಕ್ಷಣದಲ್ಲೇ ಹೆಪ್ಪುಗಟ್ಟಿ ಗಟ್ಟಿ ಚರ್ಮವಾಯಿತು. ನಿಧಾನವಾಗಿ ಮಾಡಿದ್ದರೆ ನಾನು ವರ್ಷಗಟ್ಟಲೆ ಬಾಳುತ್ತಿದ್ದೆ. ಆದರೆ ದಿನಕ್ಕೆ ಹೆಚ್ಚು ಡಿಸ್ಕ್ ಹೊರಬೀಳಲೆಂದು ಮಾಲೀಕ ಶ್ರೀಶೈಲ ಹಂಜಿ ಲೇಸರಿನ ವೇಗವನ್ನು ಇಮ್ಮಡಿ ಮಾಡಿಸಿದ್ದ. ಆ ಅವಸರಕ್ಕೆ ನನ್ನ ಹೊಸ ಚರ್ಮ ಆರುವಾಗಲೇ ಸೀಳಿತು. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮಾಲು ತಪಾಸಣೆ ಮಾಡುವ ರುಕ್ಸಾನಾ ಬಿರುಕು ಹುಡುಕಲು ನನಗೆ ಕೆಂಪು ಬಣ್ಣ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದಳು. ಬಿಳಿಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ಮೊಬೈಲಿನಲ್ಲಿ ಫೋಟೋ ತೆಗೆದು ಹಂಜಿಯನ್ನು ಕರೆದಳು.

"ಸರ, ಇದು ಬಿರುಕು ಬಿಟ್ಟೈತ್ರಿ. ಗಾಡಿಗೆ ಹಾಕಬ್ಯಾಡ್ರಿ."

"ಇಷ್ಟಽ ಗೆರಿಗೆ ಯಾಕ ಒದರ್ತಿ? ಪಾಲಿಶ್ ಹೊಡದು ಕಳಸು."

ಅವಳು ಅಂಟಿಸಿದ್ದ 'ರಿಜೆಕ್ಟ್' ಚೀಟಿಯನ್ನು ಅವನೇ ಕಿತ್ತು ಬಿಸಾಡಿದ.

ಭರಮಾ ಚೌಗುಲೆ ಎಂಬವನ ಬ್ಯಾಟರಿ ಆಟೋದ ಮುಂದಿನ ಗಾಲಿಗೆ ನನ್ನನ್ನು ಜೋಡಿಸಿದರು. ಒಂಬತ್ತು ದಿನ ಹೇಗೋ ತಡೆದೆ. ಹತ್ತನೇ ದಿನ ಇಳಿಜಾರಿನಲ್ಲಿ ಅವನು ಬ್ರೇಕ್ ಒತ್ತಿದಾಗ ನನ್ನ ಚರ್ಮ ಹಪ್ಪಳದಂತೆ ಎದ್ದಿತು, ನಾನು ಎರಡು ತುಂಡಾದೆ. ಆಟೋ ಗೋಡೆಗೆ ಬಡಿಯಿತು. ಭರಮಾನ ಬಲಮೊಣಕಾಲು ನುಚ್ಚುನೂರಾಯಿತು.

ಎರಡು ತಿಂಗಳ ಮೇಲೆ ಅವನು ಊರುಗೋಲು ಹಿಡಿದು ಹೆಂಡತಿ ಸಾತವ್ವನೊಂದಿಗೆ ಕಾರ್ಖಾನೆಗೆ ಬಂದ. ಸಾತವ್ವ ನನ್ನ ತುಂಡುಗಳನ್ನು ಹಂಜಿಯ ಮೇಜಿನ ಮೇಲೆ ಕುಕ್ಕಿದಳು.

"ಜೋರ ಓಡಿಸ್ಯಾನ, ಬಡಿದಾನ. ನನ್ನ ಮಾಲಿನ್ಯಾಗ ಏನೂ ಐಬ ಇದ್ದಿಲ್ಲ," ಎಂದ ಹಂಜಿ.

ಗದ್ದಲ ಕೇಳಿ ರುಕ್ಸಾನಾ ಒಳಗೆ ಬಂದಳು. "ಇತ್ರಿ. ನಾನಽ ತೋರಿಸಿದ್ದೆ. ಫೋಟೋನೂ ಐತಿ."

"ನಾಳಿಯಿಂದ ಬರಬ್ಯಾಡ ನೀ!"

"ಇವತ್ತಽ ಹೊಂಟೆ."

ಫೋಟೋವನ್ನು ಸಾತವ್ವನ ಮೊಬೈಲಿಗೆ ಕಳಿಸಿಯೇ ಅವಳು ಹೊರಬಿದ್ದಳು. ಸಾತವ್ವ ನನ್ನ ತುಂಡುಗಳನ್ನು ಮೇಜಿನಿಂದ ಎತ್ತಿ ಸೆರಗಿಗೆ ಕಟ್ಟಿಕೊಂಡಳು.

ಈಗ ನಾನು ಸಾತವ್ವನ ಮನೆಯ ಗೋಡೆಗೂಡಿನಲ್ಲಿ, ಹಳೆಯ ಬಟ್ಟೆಯ ಗಂಟಿನೊಳಗೆ ಇದ್ದೇನೆ. ಮೊಕದ್ದಮೆ ನಡೆಯುತ್ತಿದೆ. ಮೊನ್ನೆ ಹಂಜಿಯ ವಕೀಲ ರಾಜಿಗೆಂದು ಬಂದಿದ್ದ.

"ಆ ತುಂಡು ಕೊಟ್ಟುಬಿಡ್ರಿ ಬಾಯಾರ, ಎಲ್ಲಾ ಮುಗಿಸೋಣು."

"ಮೊದಲ ನನ್ನ ಗಂಡನ ಕಾಲು ಕೊಡ್ರಿ," ಎಂದಳು ಸಾತವ್ವ.

ಅವಳಿಗೆ ನನ್ನನ್ನು ಕಂಡರೆ ಅಸಹ್ಯ. ಗಂಟು ಬಿಗಿಯುವಾಗಲೆಲ್ಲ ಹಲ್ಲು ಕಚ್ಚುತ್ತಾಳೆ. ಆ ಸಿಟ್ಟು ನ್ಯಾಯವಾದದ್ದೇ. ಕುಲುಮೆಗೆ ಹೋದರೆ ನಾನು ಕರಗಿ ಹೊಸದಾಗಬಹುದು. ನನಗದು ಬೇಡ. ತೀರ್ಪು ಬರುವವರೆಗೆ ನಾನು ಮುರಿದೇ ಇರಬೇಕು.